ಸಮುದ್ರ ಕಾಣದ ಎರಡು ಕುರ್ಚಿಗಳು

ನಮ್ಮ ಕಡೆ ಯಾರೂ ಕುಡಿಯುವುದಿಲ್ಲ. ಆಳಂದದವರು ಅಫಜಲಪುರಕ್ಕೆ ಹೋಗಿ ಕುಡಿಯುತ್ತಾರೆ, ಅಫಜಲಪುರದವರು ಜೇವರ್ಗಿಗೆ, ಜೇವರ್ಗಿಯವರು ಆಳಂದಕ್ಕೆ. ಹೀಗಾಗಿ ಮೂರೂ ತಾಲ್ಲೂಕುಗಳಲ್ಲಿ ಕುಡುಕರೇ ಇಲ್ಲ. ತೀರ ಮರ್ಯಾದಸ್ಥರು ಗಡಿಯ ಖಜೂರಿ ದಾಟಿ ಮಹಾರಾಷ್ಟ್ರದ ಧಾಬಾಗಳಿಗೆ ಹೋಗುತ್ತಾರೆ. ಅಲ್ಲಿಯೂ ರಸ್ತೆಗೆ ಬೆನ್ನು, ಗೋಡೆಗೆ ಮುಖ. ಹಣೆಯ ವಿಭೂತಿ ಒರೆಸಿಕೊಂಡ ಮೇಲೆಯೇ ಮೊದಲ ಗುಟುಕು. ಈ ಶಿಸ್ತಿನಲ್ಲಿ ನಾನು ಇಪ್ಪತ್ತು ವರ್ಷ ಪಳಗಿದವನು. ಮೇಲಾಗಿ ಮಾಸ್ತರ.

ಜೇವರ್ಗಿಯಿಂದ ನನ್ನ ಮಗಳನ್ನು ನೋಡಲು ಬಂದಿದ್ದರು. ಮೂರು ಸಂಬಂಧ ಬೇಡವೆಂದಿದ್ದ ಹುಡುಗಿ ಈ ವರನಿಗೆ ಮಾತ್ರ ಹೂಂ ಅಂದಿದ್ದಳು. ಇದು ತಪ್ಪಿದರೆ ಮದುವೆಯ ಮಾತೇ ಎತ್ತಬೇಡಿ ಎಂದೂ ಹೇಳಿದ್ದಳು. ಹುಡುಗನ ತಂದೆ ತೊಗರಿ ವ್ಯಾಪಾರಿ. ಮನೆಯಲ್ಲಿ ಯಾರಿಗಾದರೂ ಚಟ ಇದೆಯೇ ಎಂದು ಕೇಳಿದರು.

"ನಮ್ಮ ಮನೆತನದಾಗ ಅದರ ವಾಸನಿನೂ ಗೊತ್ತಿಲ್ರಿ," ಎಂದೆ.

ಅವರದೂ ಅಂಥದೇ ಮನೆತನವಂತೆ. ಒಬ್ಬರ ಸಂಸ್ಕಾರವನ್ನು ಇನ್ನೊಬ್ಬರು ಹೊಗಳಿಕೊಂಡೆವು. ಹಿರಿಯರನ್ನು ಕೇಳಿ ತಿಳಿಸುತ್ತೇವೆಂದು ಅವರು ಹೊರಟುಹೋದರು.

ಆಮೇಲೆ ನನಗೆ ಮಂಗಳೂರಿನಲ್ಲಿ ಎರಡು ದಿನದ ತರಬೇತಿ ಬಂತು. ಸಂಜೆ ಕಡಲತೀರದ ಬಾರೊಂದಕ್ಕೆ ಹೋದೆ. ಅಲ್ಲಿ ಜನ ಬಯಲಿನಲ್ಲಿ, ಬೆಳಕಿನಲ್ಲಿ, ಹೆಂಡತಿಯ ಪಕ್ಕದಲ್ಲೇ ಕೂತು ಕುಡಿಯುತ್ತಿದ್ದರು. ಇವರಿಗೆ ಬಂಧುಬಳಗ ಇಲ್ಲವೇ ಎಂದು ಕನಿಕರವಾಯಿತು. ವೇಟರ್ ಸಮುದ್ರ ಕಾಣುವ ಜಾಗಕ್ಕೆ ಕರೆದೊಯ್ದ. ನಾನು ಬೇಡವೆಂದು, ಅಡುಗೆಮನೆಯ ಗೋಡೆಗೆ ಮುಖ ಮಾಡಿದ, ಕೈತೊಳೆಯುವ ಜಾಗದ ಪಕ್ಕದ ಕುರ್ಚಿ ಕೇಳಿ ಪಡೆದೆ. ಗೋಡೆ ಒಳ್ಳೆಯದಿತ್ತು.

ಆದರೂ ಎರಡನೆಯ ಗ್ಲಾಸಿಗೆ ಕತ್ತು ತಾನಾಗಿ ತಿರುಗಿತು. ನಮ್ಮಲ್ಲಿ ಸೂರ್ಯ ತೊಗರಿ ಹೊಲದಾಚೆ ಇಳಿದು ಸುಮ್ಮನೆ ಮನೆಗೆ ಹೋಗುತ್ತಾನೆ. ಇಲ್ಲಿ ಅವನು ಮುಳುಗಿದ್ದಕ್ಕೆ ಚಪ್ಪಾಳೆ ತಟ್ಟುತ್ತಾರೆ. ಖರೆ ಹೇಳಬೇಕೆಂದರೆ ಚೆಂದವಿತ್ತು. ನೀರೆಲ್ಲ ಕೆಂಪಾಗಿ, ತಣ್ಣನೆಯ ಬಿಯರಿನ ಜೊತೆ ಉಪ್ಪುಗಾಳಿ ಬೀಸಿ, ಇಷ್ಟು ವರ್ಷ ಗೋಡೆ ನೋಡಿ ಕುಡಿದದ್ದು ದಂಡವಾಯಿತಲ್ಲ ಎನಿಸಿತು.

ಪಕ್ಕದಲ್ಲಿ ಇನ್ನೊಬ್ಬನೂ ಹಾಗೆಯೇ ಕತ್ತು ತಿರುಗಿಸಿದ್ದ. ನೋಡಿದರೆ ಹುಡುಗನ ತಂದೆ. ಇಡೀ ಬಾರಿನಲ್ಲಿ ಸಮುದ್ರ ಕಾಣದ ಕುರ್ಚಿಗಳು ಎರಡೇ. ಎರಡನ್ನೂ ಕಲಬುರಗಿ ಜಿಲ್ಲೆಯವರೇ ಹಿಡಿದಿದ್ದೆವು. ಮಗಳ ಸಂಬಂಧ ಮುರಿಯಿತೆಂದೇ ತಿಳಿದೆ. ಅವರು ನನ್ನ ಗ್ಲಾಸು ನೋಡಿದರು, ನಾನು ಅವರದು ನೋಡಿದೆ.

"ಗಾಳಿ ಛಲೋ ಅದ ಅಲ್ರೀ," ಎಂದರು.

"ಹೌದ್ರಿ, ಭಾಳ ಛಲೋ ಅದ."

ಮನೆಯಲ್ಲಿ ದೇವರ ದರ್ಶನಕ್ಕೆಂದು ಹೇಳಿ ಬಂದಿದ್ದರಂತೆ. ಅಷ್ಟು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದರು. ವಾರದೊಳಗೆ ಅವರ ಫೋನು ಬಂತು: ಇಂಥ ಸಂಸ್ಕಾರವಂತ ಮನೆತನ ಹುಡುಕಿದರೂ ಸಿಗುವುದಿಲ್ಲ, ಮಾತು ಪಕ್ಕಾ.

ನಿಶ್ಚಿತಾರ್ಥದ ದಿನ ತುಂಬಿದ ಮನೆಯಲ್ಲಿ ಅವರ ಕಡೆಯ ಹಿರಿಯರೊಬ್ಬರು ಚಟದ ಅದೇ ಪ್ರಶ್ನೆ ಎತ್ತಿದರು. ನಾನು ಅದೇ ಉತ್ತರವನ್ನು ಇನ್ನೂ ಗಟ್ಟಿಯಾಗಿ ಕೊಟ್ಟೆ. ಬೀಗರು ಸಾಕ್ಷಿ ನುಡಿದರು. ಹುಡುಗ ತಲೆ ತಗ್ಗಿಸಿದ. ಎಷ್ಟು ವಿನಯ ಎಂದುಕೊಂಡು ಬೀಗಿದೆ.

ಎಲ್ಲರೂ ಹೋದ ಮೇಲೆ ಮಗಳು ಹಾಸಿದ ಜಮಖಾನೆ ಮಡಚುತ್ತಿದ್ದಳು. ಸಂಬಂಧ ಹೇಗೆ ಕುದುರಿಸಿದೆ ನೋಡು ಎಂದೆ. ಅವಳು ಮಡಚುವುದನ್ನು ನಿಲ್ಲಿಸಿದಳು.

"ಅಪ್ಪಾ, ನಮ್ಮಿಬ್ಬರನ್ನ ಮಾತಾಡಲಿಕ್ಕೆ ಬಿಟ್ಟಾಗನ ನೀ ಕುಡಿತಿ ಅಂತ ನಾ ಅವರಿಗೆ ಹೇಳಿದ್ದೆ. ಅವರೂ ತಮ್ಮ ಅಪ್ಪಂದು ಹೇಳಿದ್ರು. ಇಬ್ಬರೂ ನಕ್ಕು ಬಿಟ್ಟಿದ್ವಿ."

ಹಾಗಾದರೆ ಮುಖ ಯಾಕೆ ಸಪ್ಪಗಾಗಿದೆ ಎಂದು ಕೇಳಿದೆ.

"ಇವತ್ತ ಅವರ ಮುಂದನ ನೀ ಅಷ್ಟು ಗಟ್ಟಿಯಾಗಿ ಸುಳ್ಳು ಹೇಳಿದಿ. ನಾಳೆ ಆ ಮನ್ಯಾಗ ನಾ ಖರೇ ಹೇಳಿದ್ರ, ಇಂಥವನ ಮಗಳ ಮಾತು ನಂಬ್ತಾರೇನು?"