ಇಬ್ಬರ ಸಹಿಯ ಖಾತೆ

ಕದಿರೇಶ ತೀರಿಕೊಂಡ ಸುದ್ದಿ ಬಂದಾಗ ಧನಶ್ರೀ ಶಾಮಿಯಾನದವನ ಜೊತೆ ವಾರ್ಷಿಕೋತ್ಸವದ ಕುರ್ಚಿಗಳ ಬಾಡಿಗೆಗೆ ಚೌಕಾಸಿ ಮಾಡುತ್ತಿದ್ದಳು. ಕೋಲಾರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಒಂದರ ಮೇಲೊಂದು ಪೇರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳ ಪಕ್ಕ ನಿಂತು ಫೋನು ಕಿವಿಗಿಟ್ಟುಕೊಂಡಳು. ಆ ಕಡೆ ಸಹಪಾಠಿ ವೇಣು ಅಳುತ್ತಿದ್ದ.

"ಹೋಗ್ಬಿಟ್ಟ ಕಣೇ. ಕದಿರೇಶ ಹೋಗ್ಬಿಟ್ಟ."

"ಸರಿ," ಅಂದಳು ಧನಶ್ರೀ. ಫೋನು ಚೀಲಕ್ಕೆ ಹಾಕಿ ಶಾಮಿಯಾನದವನ ಕಡೆ ತಿರುಗಿದಳು. "ಆರು ರೂಪಾಯಿ ಆದ್ರೆ ನೋಡಿ ಅಣ್ಣ. ಎಂಟಾದ್ರೆ ನಮ್ಮ ಸಂಘಕ್ಕೆ ಆಗಲ್ಲ."

ಅವನು ಗೊಣಗುತ್ತಲೇ ಒಪ್ಪಿಕೊಂಡ. ಚೀಟಿ ಬರೆಸಿಕೊಂಡು ರಸ್ತೆಗೆ ಬಂದ ಮೇಲೆ ಆ ಕುರ್ಚಿಗಳು ಇನ್ನು ಬೇಕಾಗುವುದಿಲ್ಲ ಎಂಬುದು ಹೊಳೆಯಿತು. ಹಿಂದಕ್ಕೆ ಹೋಗಿ ಹೇಳಬೇಕು ಅನ್ನಿಸಲಿಲ್ಲ. ಟೇಕಲ್ ಕಡೆಯ ಬಸ್ಸು ಹೊರಡುತ್ತಿತ್ತು, ಹತ್ತಿ ಕೂತಳು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಊರು ಬರುವವರೆಗೂ ಅವಳ ತಲೆಯಲ್ಲಿ ಓಡಿದ್ದು ಕುರ್ಚಿಗಳು ಮಾತ್ರ.

ಧನಶ್ರೀ ಕೋಲಾರದ ಹೊರಗಿನ ಸ್ನಾತಕೋತ್ತರ ಕೇಂದ್ರದಲ್ಲಿ ಎಂ.ಕಾಂ. ಎರಡನೇ ವರ್ಷ ಓದುತ್ತಿದ್ದಳು. ಅಪ್ಪ ಗುರುವಪ್ಪ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ಅಮ್ಮ ಎಲ್ಲಮ್ಮ ಮನೆಯ ಹಿಂದಿನ ತುಂಡು ಜಮೀನಿನಲ್ಲಿ ಸೊಪ್ಪು ಬೆಳೆದು ಟೇಕಲ್ ಸ್ಟೇಷನ್ ಹತ್ತಿರ ಮಾರುತ್ತಿದ್ದಳು. ವಾಣಿಜ್ಯ ವಿಭಾಗದ ವಿದ್ಯಾರ್ಥಿ ಸಂಘಕ್ಕೆ ಖಜಾಂಚಿ ಬೇಕಾದಾಗ ಯಾರೂ ಮುಂದೆ ಬಂದಿರಲಿಲ್ಲ. ಹಿಂದಿನ ವರ್ಷದ ಖಜಾಂಚಿ ಲೆಕ್ಕ ಒಪ್ಪಿಸಲಾಗದೆ ಎಲ್ಲರ ಬಾಯಿಗೆ ಬಿದ್ದಿದ್ದ. "ಹೆಸರಲ್ಲೇ ಧನ ಇಟ್ಕೊಂಡವ್ಳೆ, ಇವಳೇ ಇರ್ಲಿ," ಎಂದು ಯಾರೋ ಕೂಗಿದರು, ಎಲ್ಲರೂ ಚಪ್ಪಾಳೆ ಹೊಡೆದರು, ಆಯಿತು.

ತಮಾಷೆಗೆ ಬಂದ ಕೆಲಸವನ್ನು ಅವಳು ತಮಾಷೆ ಮಾಡಲಿಲ್ಲ. ಸದಸ್ಯರ ಚಂದಾ, ಸ್ಮರಣ ಸಂಚಿಕೆಗೆ ಅಂಗಡಿಯವರು ಕೊಡುವ ಜಾಹೀರಾತಿನ ದುಡ್ಡು, ಕಾರ್ಖಾನೆ ಭೇಟಿಗೆ ಹಿಡಿದ ಬಸ್ಸಿನ ಬಾಡಿಗೆ, ಹೊಸಬರ ಸ್ವಾಗತಕ್ಕೆ ತಂದ ಹೋಳಿಗೆ, ಎಲ್ಲಕ್ಕೂ ರಸೀದಿ ಇರಲೇಬೇಕು. ಈ ವಿಷಯದಲ್ಲಿ ಅವಳಿಗೆ ದಿನಾ ಎದುರಾಗುತ್ತಿದ್ದವನು ಸಂಘದ ಕಾರ್ಯದರ್ಶಿ ಕದಿರೇಶ.

ಮುಳಬಾಗಿಲು ಕಡೆಯ ದೇವರಾಯಸಮುದ್ರದ ಹುಡುಗ. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಕೈ. ಅತಿಥಿ ಬಂದರೆ ಕಾಫಿ ಜೊತೆ ದೋಸೆಯನ್ನೂ ಹೇಳಿಬಿಡುವವನು. ಬಿಲ್ಲು ಕೇಳಿದರೆ ಅಂಗೈ ಮುಂದೆ ಚಾಚುತ್ತಿದ್ದ, ಅಲ್ಲಿ ಬಾಲ್‌ಪೆನ್ನಿನಲ್ಲಿ ಏನೋ ಗೀಚಿಕೊಂಡಿರುತ್ತಿದ್ದ. "ಕೈನ ಕತ್ತರಿಸಿ ಫೈಲಿಗೆ ಹಾಕ್ಲಾ?" ಎಂದು ಅವಳು ರೇಗುತ್ತಿದ್ದಳು. ಸಂಘದ ಖಾತೆ ಇಬ್ಬರ ಹೆಸರಲ್ಲಿತ್ತು. ಇಬ್ಬರ ಸಹಿಯಿಲ್ಲದೆ ಒಂದು ರೂಪಾಯಿಯೂ ಹೊರಗೆ ಬರುತ್ತಿರಲಿಲ್ಲ. ಹಾಗಾಗಿ ಗ್ರಂಥಾಲಯದ ಮುಂದೆ ನಿಂತಿರುತ್ತಿದ್ದ ಅವನ ಬೈಕಿನ ಟ್ಯಾಂಕಿನ ಮೇಲೆ ಚೆಕ್ಕು ಪುಸ್ತಕ ಬಿಚ್ಚಿಟ್ಟುಕೊಂಡು ಆಗಾಗ ಜಗಳವಾಡಲೇಬೇಕಿತ್ತು. ಅವರಿಬ್ಬರ ನಡುವೆ ಪ್ರೀತಿ ಗೀತಿ ಇರಲಿಲ್ಲ. ಆದರೆ ಅವಳು ಆ ವರ್ಷ ಅತಿ ಹೆಚ್ಚು ಮಾತಾಡಿದ್ದು ಅವನ ಜೊತೆಗೇ.

ವಾರ್ಷಿಕೋತ್ಸವದ ಓಡಾಟ ಶುರುವಾದಾಗ ಅವನಿಗೆ ಜ್ವರ ಬಂತು. ಕಣ್ಣು ಕೆಂಪಗೆ ಮಾಡಿಕೊಂಡು ಬಂದವನೇ ಮೂರು ಖಾಲಿ ಚೆಕ್ಕಿಗೆ ಸಹಿ ಹಾಕಿ ಅವಳ ಕೈಗಿಟ್ಟ.

"ಊರಿಗೆ ಹೋಗಿ ಎರಡು ದಿನ ಮಲಗಿ ಬರ್ತೀನಿ. ನಾನಿಲ್ಲ ಅಂತ ನಿನ್ ಕೆಲ್ಸ ನಿಲ್ಬಾರ್ದು."

"ಖಾಲಿ ಚೆಕ್ಕಿಗೆಲ್ಲ ಸಹಿ ಹಾಕ್ಬಾರ್ದು ಕಣೋ."

"ಎತ್ಕೊಂಡು ಓಡೋಗ್ತೀಯಾ? ಓಡಿದ್ರೂ ಟೇಕಲ್ ತನಕ ತಾನೆ."

ಅದು ಡೆಂಗಿ ಜ್ವರ. ಕೋಲಾರದ ಆಸ್ಪತ್ರೆಗೆ ಕರೆತರುವ ಹೊತ್ತಿಗೆ ತಡವಾಗಿತ್ತು. ವಾರ ತುಂಬುವ ಮೊದಲೇ ವೇಣುವಿನ ಫೋನು ಬಂತು.

ಮಣ್ಣಿಗೆ ಹೋಗಲು ಕ್ಲಾಸಿನವರೆಲ್ಲ ಸೇರಿ ಟೆಂಪೋ ಮಾಡಿಕೊಂಡರು. ಬಾಡಿಗೆಯ ಪಾಲನ್ನು ಯಾರೂ ಹೇಳದೆಯೇ ಎಲ್ಲರೂ ಧನಶ್ರೀ ಕೈಗೆ ಕೊಟ್ಟರು. ಅವಳು ನೋಟುಗಳನ್ನು ನೇರ ಮಾಡಿ ಮಡಚಿಟ್ಟುಕೊಂಡಳು. ದೇವರಾಯಸಮುದ್ರದ ಕೆರೆ ಏರಿ ದಾಟಿ ಅವರ ಬೀದಿಗೆ ಹೋದಾಗ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ವೇಣು ಗೋಡೆಗೆ ಹಣೆ ಚಚ್ಚಿಕೊಂಡ. ಧನಶ್ರೀ ಕದಿರೇಶನ ಮುಖ ನೋಡಿದಳು, ಮೂಗಿಗೆ ಹತ್ತಿ ಇಟ್ಟಿದ್ದರು. ಸಂಘದ ಹೂವಿನ ಹಾರ ಉಳಿದ ಹಾರಗಳಿಗಿಂತ ತೆಳ್ಳಗಿದೆ ಅನ್ನಿಸಿತು. ಅಳು ಬರುತ್ತದೆ ಎಂದು ಕಾದಳು, ಬರಲಿಲ್ಲ. ಕಾದು ಕಾದು ಕಾಲು ನೋಯಿತು.

ಮರುವಾರ ವಿಭಾಗದಲ್ಲಿ ಸಭೆ ಸೇರಿತು. ವಾರ್ಷಿಕೋತ್ಸವ ಬೇಡ, ಖಾತೆಯಲ್ಲಿರುವಷ್ಟನ್ನೂ ಕದಿರೇಶನ ಮನೆಗೆ ಕೊಡೋಣ ಎಂದು ವೇಣು ಹೇಳಿದ. ಒಬ್ಬರೂ ಬೇಡ ಅನ್ನಲಿಲ್ಲ. ತೊಂದರೆ ಇದ್ದದ್ದು ಹಣ ತೆಗೆಯುವುದರಲ್ಲಿ. ಸಂಘದ ಉಸ್ತುವಾರಿಯ ಮುರಳಿಮೋಹನ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಕ್ರಮವಾಗಿ ಹೋದ್ರೆ ಹೊಸ ಕಾರ್ಯದರ್ಶಿ ಆಗ್ಬೇಕು, ಮರಣ ಪ್ರಮಾಣಪತ್ರ ಕೊಡ್ಬೇಕು, ಬ್ಯಾಂಕಿನವ್ರು ಸಹಿ ಬದಲಾಯಿಸ್ಬೇಕು. ಎಷ್ಟು ದಿನ ಹಿಡಿಯುತ್ತೋ."

"ಅವನೇ ಸಹಿ ಹಾಕಿರೋ ಚೆಕ್ಕಿದೆಯಲ್ಲ ಸರ್," ಅಂದ ವೇಣು. "ಧನಶ್ರೀ ಹತ್ರ ಇದೆ. ತುಂಬಿ ತೆಗೆದ್ರೆ ಆಯ್ತು, ನಾಳೆನೇ ಕೊಡಬಹುದು."

ಸರ್ ಕಿಟಕಿಯ ಕಡೆ ನೋಡಿದರು. "ಅದೆಲ್ಲ ನನ್ನ ಕೇಳ್ಬೇಡಿ. ನನಗೇನೂ ಗೊತ್ತಿಲ್ಲ."

ಧನಶ್ರೀ ಆಗಲಿ ಅಂದಳು. ಎಲ್ಲರೂ ಹೇಳುತ್ತಿದ್ದರು, ಹೇಳುವುದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಬ್ಯಾಂಕಿಗೆ ಹೋಗಿ ಬೆಂಚಿನ ಮೇಲೆ ಕೂತು ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ತುಂಬಿದಳು, ಅವನ ಸಹಿಯ ಪಕ್ಕ ತನ್ನದು ಹಾಕಿದಳು. ಕೌಂಟರಿನಲ್ಲಿದ್ದ ಹೆಂಗಸು ಚೆಕ್ಕನ್ನು ತಿರುವಿ ನೋಡಿ, ಪರದೆಯ ಮೇಲಿನ ಸಹಿಗಳಿಗೆ ಹೋಲಿಸಿ, ಸೀಲು ಎತ್ತಿಕೊಂಡಳು.

"ಮೇಡಂ," ಅಂದಳು ಧನಶ್ರೀ. "ಇವರು ಇಲ್ಲ."

"ಯಾರು?"

"ಈ ಸಹಿಯವರು."

"ಎಲ್ಲೋಗಿದಾರೆ?"

"ತೀರ್ಕೊಂಡ್ರು."

ಆ ಮಾತನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಹೆಂಗಸು ಸೀಲನ್ನು ಮೆತ್ತಗೆ ಕೆಳಗಿಟ್ಟಳು. ಯಾಕೆ ಹೇಳಿದೆ ಎಂದು ಧನಶ್ರೀ ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು. ಹೆದರಿಕೆ ಇರಲಿಲ್ಲ, ನಿಯಮ ನೆನಪಾಗಲಿಲ್ಲ. ಅವನು ಬದುಕಿದ್ದಾನೆ ಎಂದುಕೊಂಡು ಆ ಸೀಲು ಬೀಳುವುದಿತ್ತು. ಅದನ್ನು ನೋಡುತ್ತ ನಿಲ್ಲಲು ಅವಳಿಂದ ಆಗಲಿಲ್ಲ.

ಹೆಂಗಸು ಒಳ್ಳೆಯವಳು. ಬಯ್ಯಲಿಲ್ಲ. ಏನೇನು ಕಾಗದ ಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಮೂರೂ ಚೆಕ್ಕನ್ನು ಈಗಲೇ ರದ್ದು ಮಾಡಿಬಿಡಮ್ಮ ಅಂದಳು. ಧನಶ್ರೀ ಅವಳ ಕೆಂಪು ಪೆನ್ನನ್ನೇ ಇಸಕೊಂಡು ಪ್ರತಿಯೊಂದಕ್ಕೂ ಅಡ್ಡಗೆರೆ ಎಳೆದು ರದ್ದು ಎಂದು ಬರೆದಳು. ಗೆರೆ ಅವನ ಹೆಸರಿನ ಮೇಲೆಯೇ ಹಾದುಹೋಯಿತು.

ಹೊರಗೆ ಕಾಯುತ್ತಿದ್ದ ವೇಣು ಕೇಳಿ ಕೆಂಡವಾದ. "ಸತ್ತವನಿಗಿಂತ ನಿಂಗೆ ರೂಲ್ಸೇ ದೊಡ್ಡದಾ? ಅವತ್ತೂ ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೀನು. ಎಂಥಾ ಹೆಣ್ಣೇ ನೀನು!"

ಮರುದಿನದಿಂದ ಕ್ಲಾಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಮಧ್ಯಾಹ್ನ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದಳು. ಮುದ್ದೆಯೋ ಚಿತ್ರಾನ್ನವೋ, ಬಾಯಿಗೆ ಯಾವುದರ ರುಚಿಯೂ ಬೇರೆ ಬೇರೆ ಅನ್ನಿಸುತ್ತಿರಲಿಲ್ಲ. ರಾತ್ರಿ ಎಲ್ಲಮ್ಮ ಪಕ್ಕ ಕೂತು, "ಅತ್ತುಬಿಡೇ, ಹಗುರಾಗುತ್ತೆ," ಎನ್ನುತ್ತಿದ್ದಳು. "ಬರ್ತಿಲ್ಲಮ್ಮ," ಎನ್ನುತ್ತಿದ್ದಳು ಇವಳು, ಬಸ್ಸು ಬರಲಿಲ್ಲ ಅನ್ನುವ ಹಾಗೆ.

ಮರಣ ಪ್ರಮಾಣಪತ್ರದ ನಕಲು ಬೇಕಿತ್ತು. ಕೇಳಲು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ, ಆದ್ದರಿಂದ ಧನಶ್ರೀಯೇ ದೇವರಾಯಸಮುದ್ರಕ್ಕೆ ಹೋದಳು. ಕದಿರೇಶನ ತಾಯಿ ಶಾಮಲಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹೆಸರು ಹೇಳಿದ ಕೂಡಲೇ ಕೈ ಸೆರಗಿಗೆ ಒರೆಸಿಕೊಂಡು ಎದ್ದು, ತೆಲುಗು ಬೆರೆಸಿದ ಕನ್ನಡದಲ್ಲಿ ಮಾತಾಡಿಸಿದಳು.

"ನುವ್ವೇನಾ ಅಮ್ಮಾ? ನೀನೇನಾ ಆ ಲೆಕ್ಕದ ಹುಡುಗಿ? ರಾ, ಕೂಚೋ. ನಾಲ್ಕು ಟೀ ಕುಡಿದ್ರೂ ಬಿಲ್ ಕೇಳ್ತಾಳಮ್ಮಾ ಅಂತ ದಿನಾ ಬಯ್ಕೊಳ್ಳೋನು. ಆಮೇಲೆ ಅವ್ನೇ ನಗೋನು."

ಧನಶ್ರೀಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಶಾಮಲಮ್ಮ ತಟ್ಟೆ ಇಟ್ಟು ಅನ್ನ ಬಡಿಸಿ, ಹುಳಿ ಹಾಕಿ, ಮುಂದೆ ಕೂತು ಅವಳು ತಿನ್ನುವುದನ್ನೇ ನೋಡಿದಳು. ಮಗನ ಕಾಯಿಲೆಯ ಬಗ್ಗೆ ಏನೂ ಹೇಳಲಿಲ್ಲ. ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ಬಡಿಸುತ್ತಲೇ ಇದ್ದಳು. ಧನಶ್ರೀ ಬೇಡ ಅನ್ನದೆ ತಿಂದಳು.

ತಂದೆ ಪೆದ್ದಪ್ಪನಿಗೆ ಪ್ರಮಾಣಪತ್ರದ ವಿಷಯವೇ ಗೊತ್ತಿರಲಿಲ್ಲ. "ಅದಕ್ಕೂ ಒಂದು ಕಾಗ್ದ ಕೊಡ್ತಾರಾ ತಾಯಿ?" ಎಂದು ಕೇಳಿದ. ಮಾರನೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೋಲಾರಕ್ಕೆ ಬಂದ. ಧನಶ್ರೀ ಅವನನ್ನು ಆಸ್ಪತ್ರೆಗೂ ಅಲ್ಲಿಂದ ನಗರಸಭೆಗೂ ಕರೆದುಕೊಂಡು ಹೋದಳು. ಅರ್ಜಿಯನ್ನು ಅವಳೇ ಬರೆದಳು. ಮೃತರ ಹೆಸರು, ವಯಸ್ಸು, ಲಿಂಗ. ಉದ್ಯೋಗ ಎಂಬ ಕಡೆ ವಿದ್ಯಾರ್ಥಿ ಎಂದು ಬರೆದು ಪೆದ್ದಪ್ಪನಿಗೆ ಓದಿ ಹೇಳಿದಳು. ಆತ ಹೂಂ ಅಂದ.

ಕಿಟಕಿಯೊಳಗಿನ ಗುಮಾಸ್ತ ತಲೆ ಎತ್ತಿದ. "ನೀವೇನಾಗ್ಬೇಕಮ್ಮ? ತಂಗೀನಾ?"

ಧನಶ್ರೀ ಅರ್ಜಿಯನ್ನು ಕಿಟಕಿಯೊಳಗೆ ತಳ್ಳಿದಳು. "ಖಜಾಂಚಿ," ಅಂದಳು.

ಗುಮಾಸ್ತನಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಲೂ ಇಲ್ಲ. ಹೊರಗೆ ಬಂದು ಮರದ ಕೆಳಗೆ ನಿಂತಾಗ ಪೆದ್ದಪ್ಪ ಅವಳಿಗೆ ಎಳನೀರು ಕೊಡಿಸಿದ. ಅವಳು ಹಣ ಕೊಡಲು ಹೋದರೆ ಕೈ ಹಿಡಿದು ತಡೆದ. ಆ ಕೈ ಒರಟಾಗಿ, ಬಿಸಿಯಾಗಿ ಇತ್ತು. ಅಷ್ಟು ದಿನಗಳಲ್ಲಿ ಅವಳಿಗೆ ಮೈಗೆ ತಾಕಿತು ಅನ್ನಿಸಿದ್ದು ಅದೊಂದೇ.

ಕಾಗದಗಳೆಲ್ಲ ಕೂಡಿಬರಲು ತಿಂಗಳಿಗೂ ಮೇಲಾಯಿತು. ವೇಣುವನ್ನೇ ಕಾರ್ಯದರ್ಶಿ ಮಾಡಿದರು. ಹೊಸ ಚೆಕ್ಕನ್ನು ಅವನ ಮುಂದಿಟ್ಟಾಗ ಅವನು ಪೆನ್ನು ಹಿಡಿದು ಕೂತೇ ಇದ್ದ.

"ಅವನ ಜಾಗದಲ್ಲಿ ಹಾಕ್ಬೇಕಲ್ಲೇ," ಅಂದ.

"ನಿಧಾನಕ್ಕೆ ಹಾಕು. ಕೆಟ್ರೆ ಇನ್ನೊಂದು ಹಾಳೆ ಇದೆ."

ಮೊದಲನೆಯದು ಕೆಟ್ಟೇ ಹೋಯಿತು. ಎರಡನೆಯದಕ್ಕೆ ಹಾಕಿ ಮುಗಿಸಿ, ಅವಳ ಮುಖ ನೋಡದೆ, "ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ಮನಸ್ಸಲ್ಲಿಟ್ಕೋಬೇಡ," ಅಂದ. ಅವಳು ಮನಸ್ಸಲ್ಲಿ ಇಟ್ಟುಕೊಂಡಿರಲಿಲ್ಲ. ಅಲ್ಲಿ ಆಗ ಯಾವುದೂ ನಿಲ್ಲುತ್ತಿರಲಿಲ್ಲ. ಇಬ್ಬರೂ ಹೋಗಿ ಪೆದ್ದಪ್ಪನಿಗೆ ಚೆಕ್ಕು ಕೊಟ್ಟು ಬಂದರು. ಆ ಹಣವನ್ನು ಅವರು ಯಾವುದಕ್ಕೆ ಬಳಸಿದರು ಎಂದು ಧನಶ್ರೀ ವಿಚಾರಿಸಲಿಲ್ಲ. ವರ್ಷದ ಕೊನೆಗೆ ಲೆಕ್ಕ ಒಪ್ಪಿಸಿದಾಗ ಮುರಳಿಮೋಹನ್ ಸರ್ ಎಲ್ಲ ಪುಟಕ್ಕೂ ಸಹಿ ಹಾಕಿ, ಇಷ್ಟು ಚೊಕ್ಕವಾದ ಲೆಕ್ಕ ಈ ವಿಭಾಗದಲ್ಲಿ ನೋಡಿರಲಿಲ್ಲ ಅಂದರು. ಅವಳು ಥ್ಯಾಂಕ್ಸ್ ಸರ್ ಎಂದು ಹೇಳಿ ಮನೆಗೆ ಹೋದಳು.

ಈಗ ಅವಳು ಶ್ರೀನಿವಾಸಪುರದಲ್ಲಿ, ಮಾವಿನ ಹಣ್ಣಿನ ತಿರುಳು ತೆಗೆಯುವ ಒಂದು ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಅಲ್ಲೇ ಒಂದು ಕೋಣೆ ಬಾಡಿಗೆ ಹಿಡಿದಿದ್ದಾಳೆ. ಹಣ್ಣಿನ ಕಾಲದಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ, ತೂಕದ ಚೀಟಿಗಳು ಮೇಜಿನ ಮೇಲೆ ರಾಶಿ ಬೀಳುತ್ತವೆ. ಜೊತೆಯವರು ಅವಳನ್ನು ಮಿತಭಾಷಿ ಎನ್ನುತ್ತಾರೆ. ಒಂದು ಕಾಲಕ್ಕೆ ಬೈಕಿನ ಪಕ್ಕ ನಿಂತು ಗಂಟಲು ಹರಿಯುವ ಹಾಗೆ ಕೂಗಾಡುತ್ತಿದ್ದವಳು ಅಂದರೆ ಅವರು ನಂಬುವುದಿಲ್ಲ. ಅಳು ಇವತ್ತಿಗೂ ಬಂದಿಲ್ಲ. ಅದಕ್ಕೆ ಕಾಯುವುದನ್ನೂ ಬಿಟ್ಟಿದ್ದಾಳೆ.

ಶಾಮಲಮ್ಮ ಆಗಾಗ ಫೋನು ಮಾಡುತ್ತಾಳೆ. ಹೇಳಲು ದೊಡ್ಡ ವಿಷಯವೇನೂ ಇರುವುದಿಲ್ಲ. ಎಮ್ಮೆ ಕರು ಹಾಕಿತು, ಕೆರೆಗೆ ನೀರು ಬಂತು, ಪೆದ್ದಪ್ಪನ ಮಂಡಿ ನೋವು. ಮೊನ್ನೆ ಊಟದ ಹೊತ್ತಿಗೆ ಮಾಡಿದಳು.

"ತಿನ್ನಾವಾ ಅಮ್ಮಾ?"

"ಇನ್ನೂ ಇಲ್ಲಮ್ಮ. ಲಾರಿ ಬಂದಿದೆ."

"ಲಾರಿ ಇರ್ಲಿ. ಮೊದ್ಲು ತಿನ್ನು. ನೀನು ತಿನ್ನೋ ತನಕ ನಾನು ಫೋನ್ ಇಡಲ್ಲ."

ಧನಶ್ರೀ ಫೋನನ್ನು ಮೇಜಿನ ಮೇಲಿಟ್ಟು ಡಬ್ಬಿಯ ಮುಚ್ಚಳ ತೆಗೆದಳು. ಹೊರಗೆ ಚಾಲಕ ಹಾರನ್ ಮಾಡುತ್ತಿದ್ದ. ಅವಳು ನಿಧಾನವಾಗಿ ತಿಂದಳು. ಉಪ್ಪು ತುಸು ಹೆಚ್ಚಾಗಿತ್ತು, ಅದು ಅವಳಿಗೆ ಗೊತ್ತಾಯಿತು.