ನನ್ನ ಕೈಗೆ ಹುಣಸೆ ಗಂಟಿನ ಚಾಕು

ಸಿರುಗುಪ್ಪದ ಸೋದರಮಾವನ ಮನೆಗೆ ಹೋದವಳು ಸುಮ್ಮನೆ ಕೂರಲಾರದೆ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟೆ. ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಗಾಯ ಮಾಯ್ದು ಬಳ್ಳಾರಿಗೆ ವಾಪಸ್ಸು ಬಂದರೆ, ಅಕ್ಕ ಮತ್ತು ನಾನು ಸೇರಿ ನಡೆಸುತ್ತಿದ್ದ ಖಾನಾವಳಿಯಲ್ಲಿ ನನ್ನ ಜಾಗದಲ್ಲಿ, ಈಳಿಗೆಯ ಮುಂದೆ, ಬೇರೊಬ್ಬ ಹೆಂಗಸು ಕೂತಿದ್ದಳು.

"ನೀ ಗಲ್ಲಾದಾಗ ಕುಂದ್ರವಾ. ಹೆಚ್ಚಾಕ ಆಕಿ ಅದಾಳ," ಅಂದಳು ಅಕ್ಕ.

"ಗಲ್ಲಾದಾಗ ಕುಂತು ನೊಣ ಹೊಡೀಲೇನು?" ಅಂದೆ.

ಸಿಟ್ಟು ಬಂದಿತ್ತು ನಿಜ, ಆದರೆ ಒಳಗೆ ಹೆದರಿಕೆಯೇ ಹೆಚ್ಚು. ಅಡುಗೆಮನೆಯಿಂದ ಒಮ್ಮೆ ಹೊರಗೆ ಬಿದ್ದರೆ ಮತ್ತೆ ಒಳಗೆ ಕರೆಯುವವರು ಯಾರು? ಈಳಿಗೆ ಇನ್ನು ನನ್ನಿಂದಾಗದ ಮಾತು. ಅದಕ್ಕೆ ಎರಡೂ ಕೈ ಗಟ್ಟಿಯಿರಬೇಕು. ಚಾಕುವಾದರೆ ಹೇಗೋ ನಡೆದೀತು. ಆಗಷ್ಟೇ ಅಂಗಡಿಗಳಿಗೆ ಬಂದಿದ್ದ ಸ್ಟೀಲ್ ಚಾಕು ತಂದೆ. ತೆಳ್ಳನೆಯ ಹಿಡಿಕೆ, ಎರಡು ಬೆರಳಲ್ಲಿ ನಿಲ್ಲಲೇ ಇಲ್ಲ. ಎಡಗೈಗೆ ಹೆಚ್ಚುವ ರೂಢಿಯಿಲ್ಲ.

ಕುರುಗೋಡಿನಲ್ಲಿ ಒಬ್ಬರು ವಯಸ್ಸಾದ ಕಮ್ಮಾರರಿದ್ದರು. ಬಸ್ ಹತ್ತಿ ಹೋಗಿ ಕೈ ತೋರಿಸಿದೆ. ಅವರು ನನ್ನಿಂದ ಒಂದು ಜೇಡಿಮಣ್ಣಿನ ಉಂಡೆ ಹಿಚುಕಿಸಿ, ಅದೇ ಆಕಾರದಲ್ಲಿ ತೇಗದ ಹಿಡಿಕೆ ಕೆತ್ತಿದರು. ಹೆಬ್ಬೆರಳಿಗೆ ಒಂದು ತಗ್ಗು, ಕಿರುಬೆರಳಿಗೆ ಇನ್ನೊಂದು. ತಾವೇ ಬಡಿದ ಅಲಗಿನ ಹಿಂದಿನ ಚೂಪು ಬಾಲವನ್ನು ಕಾಯಿಸಿ ಒಳಗೆ ಇಳಿಸುವಾಗ ಹಿಡಿಕೆ ಉದ್ದಕ್ಕೂ ಸೀಳಿತು. ಇನ್ನೊಂದು ಕೆತ್ತಿದರು. ಅದೂ ಸೀಳಿತು.

"ಇಷ್ಟು ತಗ್ಗು ತಗದ್ರ ಕಟ್ಟಿಗಿ ತಡಿಯಂಗಿಲ್ಲ ತಂಗಿ. ಬಿಟ್ಟುಬಿಡು," ಅಂದರು.

ನಾನು ಬಿಡುವವಳೇ? ಖಾನಾವಳಿಯ ಹಿತ್ತಲಲ್ಲಿ ಒಂದು ಹುಣಸೆ ಗಂಟು ಬಿದ್ದಿತ್ತು, ಮರದ ಬೊಡ್ಡೆಯ ಮೇಲೆ ಉಬ್ಬಿಕೊಂಡು ಬೆಳೆದದ್ದು. ಕಟ್ಟಿಗೆ ಒಡೆಯುವವನು ಸಾಕಾಗಿ ಅದಕ್ಕೆ ಬೈದು ಹೋಗಿದ್ದ. ಕೊಡಲಿಗೇ ಸೀಳದ್ದು ಚಾಕುವಿನ ಬಾಲಕ್ಕೆ ಸೀಳೀತೇ? ಚೀಲಕ್ಕೆ ಹಾಕಿಕೊಂಡು ಮತ್ತೆ ಕುರುಗೋಡಿಗೆ ಹೋದೆ.

ಕಮ್ಮಾರರು ಅದನ್ನು ತಿರುಗಿಸಿ ನೋಡಿದರು. "ಇದನ್ನ ಕೆತ್ತಿದ್ರ ನನ್ನ ಉಳಿ ಮುರಿತೈತಿ."

"ಮುರದ್ರ ಇನ್ನೊಂದು ಬಡಕೋರಿ. ಕಮ್ಮಾರರು ನೀವ ಅಲ್ಲೇನ್ರಿ?"

ಅವರು ನಕ್ಕು ಉಳಿ ಕೈಗೆತ್ತಿಕೊಂಡರು.

ಗಂಟು ಸೀಳಲಿಲ್ಲ. ಅರದಿಂದ ಉಜ್ಜಿ ಎಣ್ಣೆ ತಿಕ್ಕಿದಾಗ ಅದರೊಳಗಿನ ಎಳೆಗಳು ಸುಳಿಸುಳಿಯಾಗಿ ಕಂಡವು. ಅಲಗಿಗೂ ಹೊಳಪು ಕೊಡಲು ಹೊರಟರು, ಬೇಡವೆಂದೆ. ಗಟ್ಟಿ ಕಾಯಿಪಲ್ಲೆ ಹೆಚ್ಚುವಾಗ ನಾನು ಎಡಗೈಯಿಂದಲೂ ಅಲಗಿನ ಬೆನ್ನು ಒತ್ತಬೇಕು. ಸುತ್ತಿಗೆ ಏಟಿನ ಆ ಕರಿ ಉಬ್ಬುತಗ್ಗು ಹಾಗೇ ಇದ್ದರೆ ಕೈ ಜಾರುವುದಿಲ್ಲ. ಬಾಯಿಗೆ ಮಾತ್ರ ಸಾಣೆ ಹಿಡಿಸಿದೆ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅವರು ಅದನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟರು. ನಾನೇ ಎತ್ತಿಕೊಂಡೆ. ಕೈಯಲ್ಲಿ ಅಲುಗದೆ ನಿಂತಿತು.

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಅಡುಗೆಮನೆಯಲ್ಲಿ ಮಣೆ ಎಳೆದುಕೊಂಡು ಕೂತೆ. ಅಕ್ಕ ಬಾಗಿಲಲ್ಲೇ ನಿಂತಳು. ಒಂದೊಂದೇ ಉಳ್ಳಾಗಡ್ಡಿ ಹೆಚ್ಚುತ್ತಾ ಹೋದೆ, ಮೈಯೆಲ್ಲ ಬೆವರು. ಬುಟ್ಟಿ ತುಂಬುತ್ತಾ ಬಂದಾಗ ಅಕ್ಕ ಆ ಹೆಂಗಸಿಗೆ ರೊಟ್ಟಿ ಬಡಿಯಲು ಹೇಳಿ, ನನ್ನ ಹತ್ತಿರ ಬಂದು, ಬುಟ್ಟಿಯಿಂದ ಒಂದು ಹಿಡಿ ಎತ್ತಿ ಮುಖ ಸಿಂಡರಿಸಿದಳು.

"ಏನಿದು, ದನಕ್ಕ ಹಾಕಾಕ ಹೆಚ್ಚೀಯೇನು? ಸಣ್ಣಗ ಹೆಚ್ಚು. ಗಿರಾಕಿ ಬರೋ ಹೊತ್ತಾತು."

ಬೆರಳು ಹೋದಾಗಿನಿಂದ ಅಕ್ಕ ನನಗೆ ಬೈದದ್ದು ಅದೇ ಮೊದಲು. ಎಷ್ಟು ಖುಷಿಯಾಯಿತೆಂದರೆ, ಬಾಯಿ ತೆರೆದರೆ ಅತ್ತುಬಿಡುತ್ತೇನೆಂದು ತಲೆ ತಗ್ಗಿಸಿ ಸಣ್ಣಗೆ ಹೆಚ್ಚತೊಡಗಿದೆ.