ಮೊದಲು ಮಳೆ ತೆಗೆದ

ತಂಗಮ್ಮ ಬೆಳಿಗ್ಗೆ ಮಗನ ಮೈ ಒರೆಸುವಾಗ ಮೊದಲು ಒರೆಸುವುದು ಬಲಗೈಯ ಹೆಬ್ಬೆರಳನ್ನು. ಮುಖ, ಕತ್ತು, ಬೆನ್ನು ಎಲ್ಲ ಆಮೇಲೆ. ಬೆರಳು ಒಣಗಿ ಚೊಕ್ಕಟವಾಗಿದ್ದರೆ ಟ್ಯಾಬ್ ಅವನ ಮಾತು ಕೇಳುತ್ತದೆ. ಟ್ಯಾಬ್ ಮಾತು ಕೇಳಿದರೆ ಮಿಲನ್ ಅರ್ಧ ದಿನ ಯಾರನ್ನೂ ಕರೆಯುವುದಿಲ್ಲ. ಅಷ್ಟರೊಳಗೆ ಆಕೆ ಅಡುಗೆ ಮುಗಿಸಿ, ತೋಟಕ್ಕೊಂದು ಸುತ್ತು ಹೋಗಿ ಬರಬಹುದು.

ಮನೆ ಇರುವುದು ಮಾದಾಪುರದಿಂದ ಒಳಕ್ಕೆ ಏರುವ ತೋಟದ ರಸ್ತೆಯ ಕೊನೆಯಲ್ಲಿ. ಗಂಡ ಪೂವಯ್ಯ, ಮಗ ಮಿಲನ್, ಆಕೆ, ಮೂರೇ ಜನ. ಮಿಲನ್‌ಗೆ ಈಗ ಇಪ್ಪತ್ತೇಳು. ಕೆಲವು ವರ್ಷಗಳ ಹಿಂದೆ, ಕರಿಮೆಣಸು ಕೊಯ್ಯುವ ಕಾಲದಲ್ಲಿ, ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ಅವನ ಕುತ್ತಿಗೆಯ ಮೂಳೆ ಮುರಿಯಿತು. ಉಳಿದದ್ದು ಭುಜಗಳು, ಮೊಣಕೈಗಳು, ಬಲಗೈಯ ಹೆಬ್ಬೆರಳು. ಎಡಗೈಯ ಬಲ ಮಣಿಕಟ್ಟಿನವರೆಗೆ ಬಂದು ನಿಂತಿದೆ. ಮೈಸೂರಿನ ಆಸ್ಪತ್ರೆಯಿಂದ ಕಳಿಸಿಕೊಡುವಾಗ ಡಾಕ್ಟರು ಒಂದು ಮಾತು ಹೇಳಿದ್ದರು: ಬೆನ್ನುಹುರಿಗೆ ಪೆಟ್ಟಾದ ಕಡೆ ಎಷ್ಟೋ ಕಾಲದ ಮೇಲೆ ನೀರಿನ ಗುಳ್ಳೆ ಕಟ್ಟಿ ಮೇಲಕ್ಕೇರುವುದುಂಟು, ಚೆನ್ನಾಗಿರುವ ಬೆರಳು ಸೋತ ಹಾಗೆ ಕಂಡರೆ ಕಾಯಬೇಡಿ, ಅವತ್ತೇ ಬನ್ನಿ, ಹೋದದ್ದನ್ನು ತರಲು ಆಗುವುದಿಲ್ಲ, ಇರುವುದನ್ನು ಉಳಿಸಬಹುದು. ಮೂವರೂ ಕೇಳಿಸಿಕೊಂಡಿದ್ದರು. ಮನೆಗೆ ಬಂದ ಮೇಲೆ ಯಾರೂ ಆ ಮಾತನ್ನು ಬಾಯಿಗೆ ತಂದಿರಲಿಲ್ಲ.

ಅವನು ಆಡುವುದು ಒಂದೇ ಆಟ. ಕಂಪ್ಯೂಟರಿಗೆಂದು ಯಾವತ್ತೋ ಮಾಡಿದ್ದು. ಆಡುವವನೇ ಒಂದು ಪಾತ್ರವಾಗಿ, ಬೆಟ್ಟ, ಕಾಡು, ಊರು ಸುತ್ತುತ್ತ ವರ್ಷಗಟ್ಟಲೆ ಬದುಕಬಹುದಾದಂಥ ಆಟ. ಅದನ್ನು ಟ್ಯಾಬ್‌ಗೆ ಹೊಂದಿಸಿಕೊಂಡು ಆಡುವವರ ಒಂದು ಗುಂಪಿದೆ. ಆಟಕ್ಕೆ ಹೊರಗಿನವರು ಮಾಡಿ ಸೇರಿಸುವ ತುಂಡುಗಳಿಗೆ ಅವರು ಮಾಡ್ ಅನ್ನುತ್ತಾರೆ. ಮಿಲನ್‌ನ ಆಟದಲ್ಲಿ ಮಳೆ ಬರುವುದು ಒಂದು ಮಾಡ್‌ನಿಂದ, ಹಕ್ಕಿ ಕೂಗುವುದು ಇನ್ನೊಂದರಿಂದ. ಕೆಂದು ಬಣ್ಣದ ಕುದುರೆಗೊಂದು, ಜೊತೆಗೆ ನಡೆದು ಬಂದು ಮಾತಾಡುವ ಹೆಂಗಸಿಗೊಂದು. ಎಲ್ಲಕ್ಕಿಂತ ಮುಖ್ಯವಾದದ್ದು ದೊಡ್ಡ ಬಟನ್. ಎರಡು ಕೈ ಇದ್ದವರು ಮಾಡುವುದನ್ನೆಲ್ಲ ಅದು ಒಂದು ಹೆಬ್ಬೆರಳಿನ ಕೆಳಗೆ ತಂದುಕೊಡುತ್ತದೆ. ಒತ್ತಿದರೆ ನಡಿಗೆ, ಒತ್ತಿ ಹಿಡಿದರೆ ಓಟ, ಬೇಗ ಬೇಗ ಎರಡು ಸಲ ಒತ್ತಿದರೆ ಜಿಗಿತ.

ಒಂದು ಮಾಡ್ ಇನ್ನೊಂದರ ಜೊತೆ ಜಗಳಕ್ಕೆ ಬಿದ್ದರೆ ಆಟ ಕೆಡುತ್ತದೆ. ಯಾವುದು ಯಾವುದರ ಜೊತೆ ಜಗಳವಾಡಿದೆ ಎಂದು ಹುಡುಕುವುದರಲ್ಲಿ ಮಿಲನ್‌ನದು ಪಳಗಿದ ಕೈ. ಗುಂಪಿನಲ್ಲಿ ಯಾರದು ಕೆಟ್ಟರೂ ಅವನನ್ನೇ ಕೇಳುತ್ತಾರೆ. ಅವನ ಉತ್ತರ ತಂಗಮ್ಮನಿಗೂ ಬಾಯಿಪಾಠ: "ಅರ್ಧ ಮಾಡ್ ತೆಗೀರಿ. ಸರಿಹೋದ್ರೆ ತಪ್ಪು ತೆಗೆದಿದ್ದರಲ್ಲಿದೆ, ಇಲ್ಲಾಂದ್ರೆ ಉಳಿದಿದ್ದರಲ್ಲಿದೆ. ತಪ್ಪಿರೋ ಅರ್ಧದಲ್ಲಿ ಮತ್ತೆ ಅರ್ಧ ತೆಗೀರಿ." ಹೀಗೆ ಮಾಡಿದರೆ ಎಂಥ ತೊಡಕೂ ಸಂಜೆಯೊಳಗೆ ಸಿಕ್ಕಿಬೀಳುತ್ತದೆ.

ಕೇಬಲ್ ಚುಚ್ಚುವುದು, ಎರಡು ಗುಂಡಿ ಒಟ್ಟಿಗೆ ಅದುಮಿ ಟ್ಯಾಬ್ ಆರಿಸಿ ಹಚ್ಚುವುದು, ಸೆಟ್ಟಿಂಗ್ಸ್ ಬದಲಿಸುವುದು, ಇವೆಲ್ಲ ತಂಗಮ್ಮನ ಪಾಲಿನ ಕೆಲಸ. ಆಟವನ್ನು ಮಾತ್ರ ಆಕೆ ಮುಟ್ಟುವಂತಿಲ್ಲ. ಆ ಕಟ್ಟಳೆ ಮಾಡಿದವನು ಅವನೇ. "ನನ್ನ ಬಾಯಿ, ಬೆನ್ನು, ಬಟ್ಟೆ ಎಲ್ಲ ನೀನೇ ಮುಟ್ಟುದು ಅವ್ವಾ. ಇದೊಂದ್ ಬುಡು."

ಕಾವೇರಿ ಸಂಕ್ರಮಣ ಕಳೆದ ಮೇಲೆ ಒಂದು ದಿನ ಅವನು ಒಳಗಿಂದ ಬೈದುಕೊಳ್ಳುವುದು ಕೇಳಿಸಿತು.

"ಏನಾತ್?" ತಂಗಮ್ಮ ಸೌಟು ಹಿಡಿದುಕೊಂಡೇ ಬಂದಳು.

"ಇಂವ ಹಾರ್ದೇ ಇಲ್ಲೆ. ಯಾವ್ದೋ ಮಾಡ್ ಕೆಟ್ಟುಟ್ಟು."

ಪರದೆಯ ಮೇಲೆ ಅವನ ಮನುಷ್ಯ ಒಂದು ಹೊಳೆಯ ದಡದಲ್ಲಿ ನಿಂತಿದ್ದ. ಸೇತುವೆಯ ನಡು ಮುರಿದು ಹೋಗಿತ್ತು. ಜಿಗಿದರೆ ಆಚೆ ದಡ. ಜಿಗಿಯುತ್ತಿರಲಿಲ್ಲ; ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ, ಇನ್ನೊಂದು ಇಟ್ಟು ನೀರಿಗೆ ಬೀಳುತ್ತಿದ್ದ.

ಮಿಲನ್ ಮೊದಲು ಮಳೆ ತೆಗೆದ. ಮನುಷ್ಯ ಹಾರಲಿಲ್ಲ. ಎರಡು ದಿನ ಬಿಟ್ಟು ಹಕ್ಕಿಗಳನ್ನು ತೆಗೆದ. ಆಮೇಲೆ ಸಂಗೀತ, ಆಮೇಲೆ ಮರಗಳ ಮೇಲಿನ ಮಂಜು. ಒಂದೊಂದು ತೆಗೆದಾಗಲೂ ಅರ್ಧ ದಿನ ಆಡಿ ನೋಡುವುದು, ಮತ್ತೆ ನೀರಿಗೆ ಬೀಳುವುದು. ಅಡುಗೆಮನೆಗೆ ಕೇಳುತ್ತಿದ್ದ ಆಟದ ಸದ್ದು ದಿನದಿಂದ ದಿನಕ್ಕೆ ಬಡವಾಗುತ್ತ ಬಂತು. ಕಡೆಗೆ ಉಳಿದದ್ದು ಬರೀ ಹೆಜ್ಜೆ ಸಪ್ಪಳ.

ಆ ದಿನಗಳಲ್ಲೇ ಹೆಬ್ಬೆರಳಿನ ಪಕ್ಕ ಒಂದು ಬೊಕ್ಕೆ ಎದ್ದಿದ್ದನ್ನು ತಂಗಮ್ಮ ನೋಡಿದಳು. ಮುಟ್ಟಿದರೆ ಅವನು ಕೈ ಎಳೆದುಕೊಳ್ಳಲಿಲ್ಲ.

"ಇದೆಂತ ಕುಞ್ಞಿ? ಉರಿ ಇಲ್ಲೆನಾ?"

"ಟ್ಯಾಬ್ ಬಿಸಿ ಆಗಿ ಬಂದುಟ್ಟು. ಚಾರ್ಜಿಗೆ ಹಾಕಿ ಆಡಿದೆ. ಬುಡು."

ಆಕೆ ಎಣ್ಣೆ ಸವರಿ ಅಡುಗೆಮನೆಗೆ ಹೋದಳು. ಒಂದು ಬೆಳಿಗ್ಗೆ ತಾನೇ ಸುಡುವ ಕಾಫಿ ಲೋಟವನ್ನು ಅವನ ಕೈಗೆ ತಾಗಿಸಿ ಇಟ್ಟು, ಒಲೆ ಮೇಲಿನ ಹಾಲು ಇಳಿಸಲು ಓಡಿದ್ದು ನೆನಪಿಗೆ ಬಂದದ್ದು ಬಹಳ ದಿನಗಳ ಮೇಲೆ.

ಅಮ್ಮತ್ತಿಯ ಮೋನಿಷಾ ಅದೇ ಗುಂಪಿನವಳು. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಆಫೀಸಿನಲ್ಲಿ ಕೆಲಸ. ಮಿಲನ್‌ನನ್ನು ಕಣ್ಣಾರೆ ಕಂಡವಳಲ್ಲ, ಆದರೆ ದಿನಕ್ಕೊಮ್ಮೆ ಫೋನು ಮಾಡದೆ ಇರುವವಳೂ ಅಲ್ಲ. ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುವುದರಿಂದ ಮಾತು ಮನೆಗೆಲ್ಲ ಕೇಳುತ್ತದೆ.

"ಅಲ್ಲ ಮಾರಾಯ, ಊರಿಗೆಲ್ಲ ಅರ್ಧ ತೆಗಿ, ಅರ್ಧ ತೆಗಿ ಅಂತ ಪಾಠ ಮಾಡ್ತೀಯ. ನಿಂದಕ್ಕೆ ಮಾತ್ರ ಯಾಕೆ ಒಂದೊಂದೇ?"

"ಅವಸರ ಏನಿದೆ? ನಂಗೇನು ಆಫೀಸಾ?"

"ನಂಗಿದೆಯಲ್ಲ ಆಫೀಸು. ನಿನ್ನ ಫೋಲ್ಡರ್ ಪೂರ್ತಿ ಕಳ್ಸು, ನನ್ನ ಟ್ಯಾಬ್‌ಗೆ ಹಾಕಿ ನೋಡ್ತೀನಿ."

ಮರುದಿನ ಅವಳೇ ಫೋನು ಮಾಡಿದಳು. "ನಿನ್ನ ಮನುಷ್ಯ ಹಾರ್ತಾನಪ್ಪ. ಮಂಗನ ಥರ ಹಾರ್ತಾನೆ. ಒಂದು ಸಲಾನೂ ಬೀಳ್ಲಿಲ್ಲ."

"ನಿಂದು ಬೇರೆ ಕಂಪನಿ ಟ್ಯಾಬು."

"ಆಂಟೀ, ಕೇಳಿಸ್ಕೊಂಡ್ರಾ? ಕೊನೆಗೆ ನಿಮ್ಮ ಮಗ ನನ್ನ ಟ್ಯಾಬ್ ಮೇಲೇ ತಪ್ಪು ಹಾಕ್ದ!"

ತಂಗಮ್ಮ ನಕ್ಕಳು. ನಕ್ಕು ಒಳಗೆ ಬಂದವಳಿಗೆ ನಗು ನಿಂತುಹೋಯಿತು. ಒಂದೊಂದೇ ಯಾಕೆ ಎಂಬ ಪ್ರಶ್ನೆಯನ್ನು ಅವನು ಅವಸರ ಏನಿದೆ ಎಂದು ತಳ್ಳಿಹಾಕಿದ್ದು ಮನಸ್ಸಿಗೆ ಬಂತು.

ತೋಟದಲ್ಲಿ ಅದು ಕಾಂಡಕೊರಕ ಹುಡುಕುವ ಸಮಯ. ಅರೇಬಿಕಾ ಗಿಡದ ಕಾಂಡದೊಳಗೆ ಸೇರಿಕೊಂಡು ತಿನ್ನುವ ಹುಳ ಅದು. ಒಳಗೆ ಪೊಳ್ಳಾಗುತ್ತಿದ್ದರೂ ಗಿಡ ಸ್ವಲ್ಪ ಕಾಲ ಹಸಿರಾಗಿಯೇ ನಿಂತಿರುತ್ತದೆ. ತೊಗಟೆಯ ಮೇಲೆ ಉಬ್ಬಿದ ಗೆರೆ ಕಂಡರೆ ಗಿಡ ಕಿತ್ತು, ಹುಳ ದುಂಬಿಯಾಗಿ ಹಾರುವ ಮೊದಲೇ ಸುಡಬೇಕು. ಪೂವಯ್ಯ ಸಾಲು ಸಾಲಾಗಿ ಬಗ್ಗಿ ನೋಡುತ್ತ ಹೋಗುವವನು. ಆ ಸಲ ತಂಗಮ್ಮ ಅವನ ಹಿಂದೆ ಹೋದಾಗ ಅವನು ಮೇಲಿನ ಏರಿಯನ್ನು ಬಿಟ್ಟು ನಡೆದುಬಿಟ್ಟದ್ದು ಕಂಡಿತು. ಅದು ಮಿಲನ್ ಬೀಳುವುದಕ್ಕೆ ಹಿಂದಿನ ಮಳೆಗಾಲದಲ್ಲಿ ತನ್ನ ಕೈಯಾರೆ ನೆಟ್ಟ ಗಿಡಗಳ ತಾಣ.

"ಅಲ್ಲಿ ನೋಡಿಕೆ ಇಲ್ಲೆನಾ?" ಎಂದಳು.

"ನಾಳೆ ನೋಡಿರಾತ್" ಎಂದು ಪೂವಯ್ಯ ತಿರುಗಿ ನೋಡದೆ ಹೋದ.

ನೋಡಿದರೆ ಸಿಕ್ಕೀತು ಎಂದು ಹೆದರಿದವನ ನಡಿಗೆ ತಂಗಮ್ಮನಿಗೆ ಹೊಸದಲ್ಲ. ಆದರೆ ಅವತ್ತು ಆಕೆಗೆ ನೆನಪಾದದ್ದು ಗಿಡವಲ್ಲ.

ಅದೇ ವಾರ ಮಿಲನ್ ಕುದುರೆ ತೆಗೆದ. ಅದನ್ನು ತೆಗೆಯುವಾಗ ಟ್ಯಾಬನ್ನು ಎದೆಯ ಮೇಲೆ ಇಟ್ಟುಕೊಂಡು ತುಂಬ ಹೊತ್ತು ಸುಮ್ಮನೆ ಮಲಗಿದ್ದ. ಕಡೆಗೆ ಜೊತೆಗಾರ್ತಿಯನ್ನೂ ತೆಗೆದ. ದೊಡ್ಡ ಬಟನ್ ಒಂದು ಬಿಟ್ಟು ಇನ್ನೇನೂ ಉಳಿಯಲಿಲ್ಲ. ಬೋಳು ಬೆಟ್ಟ, ಬೋಳು ಆಕಾಶ, ಹೊಳೆಯ ಈಚೆ ಒಬ್ಬನೇ ಮನುಷ್ಯ.

ಒಂದು ಮಧ್ಯಾಹ್ನ ಊಟವಾಗಿ ಮಿಲನ್ ನಿದ್ದೆ ಹೋಗಿದ್ದ. ತಂಗಮ್ಮ ಟ್ಯಾಬನ್ನು ಒರೆಸಿ ಚಾರ್ಜಿಗೆ ಹಾಕಲೆಂದು ಜಗಲಿಗೆ ತಂದಳು. ಆಟ ತೆರೆದೇ ಇತ್ತು. ಗಾಜಿನ ಮೂಲೆಯಲ್ಲಿ, ದೊಡ್ಡ ಬಟನ್ ಇರುವಲ್ಲೇ, ಅನ್ನದ ಅಗುಳೊಂದು ಒಣಗಿ ಅಂಟಿತ್ತು. ಬಟ್ಟೆಯಿಂದ ಹೋಗಲಿಲ್ಲ. ಉಗುರಿನಿಂದ ಕೆದಕಿ ಬೆರಳು ಎತ್ತಿ ಎತ್ತಿ ಎರಡು ಸಲ ಉಜ್ಜಿದಳು.

ಮನುಷ್ಯ ಜಿಗಿದ. ಮುರಿದ ಸೇತುವೆಯ ಮೇಲೆ ಹಾದು ಆಚೆ ದಡದಲ್ಲಿ ಹೋಗಿ ನಿಂತ.

ತಂಗಮ್ಮನಿಗೆ ಮೊದಲು ಬಂದದ್ದು ಭಯ: ಮುಟ್ಟಬಾರದ್ದನ್ನು ಮುಟ್ಟಿದೆ. ಅವನನ್ನು ಹಿಂದಕ್ಕೆ ತರಲೆಂದು ಬಟನ್ನನ್ನು ಬೇಗ ಬೇಗ ಎರಡು ಸಲ ಒತ್ತಿದಳು. ಮನುಷ್ಯ ಇನ್ನೂ ಮುಂದಕ್ಕೆ ಹಾರಿದ. ಮತ್ತೊಮ್ಮೆ ಒತ್ತಿದಳು, ಮತ್ತೊಮ್ಮೆ ಹಾರಿದ. ಒತ್ತಿದಾಗಲೆಲ್ಲ, ಒಂದು ಸಲವೂ ತಪ್ಪದೆ ಹಾರಿದ. ಆಗ ಎರಡನೆಯ ಭಯ ಬಂತು. ಅದು ಬಂದ ಮೇಲೆ ಮೊದಲಿನದು ಉಳಿಯಲಿಲ್ಲ.

ಮಾಡ್ ಯಾವುದೂ ಕೆಟ್ಟಿರಲಿಲ್ಲ.

ಉಳಿಸದೆ ಆಟ ಮುಚ್ಚಿದರೆ, ಕಳೆದ ಸಲ ಉಳಿಸಿದ ಮೇಲೆ ನಡೆದದ್ದೆಲ್ಲ ಅಳಿಸಿಹೋಗುತ್ತದೆ. ಅದು ಆಕೆಗೆ ಗೊತ್ತು, ನೂರು ಸಲ ನೋಡಿದ್ದಾಳೆ. ಮುಚ್ಚಿದರೆ ಮನುಷ್ಯ ಈಚೆ ದಡದಲ್ಲೇ ಇರುತ್ತಾನೆ. ಮಿಲನ್ ಎದ್ದು ದೊಡ್ಡ ಬಟನ್ನಿನ ಮೇಲೆ ಗೂಬೆ ಕೂರಿಸುತ್ತಾನೆ. ಇನ್ನೊಂದು ವಾರ ಕಳೆಯುತ್ತದೆ. ಕೆಳಗಿನ ತೋಟದಲ್ಲಿ ಪೂವಯ್ಯ ಕಿತ್ತ ಗಿಡಗಳಿಗೆ ಬೆಂಕಿ ಕೊಟ್ಟಿದ್ದ. ಹಸಿ ಕಾಂಡದ ಹೊಗೆ ಜಗಲಿಯವರೆಗೆ ಬರುತ್ತಿತ್ತು. ಮುಚ್ಚುವ ಗುರುತಿನ ಮೇಲೆ ಬೆರಳು ಇಟ್ಟಿದ್ದವಳು ಡಾಕ್ಟರ ಮಾತಿನ ಕೊನೆಯ ಅರ್ಧವನ್ನು ನೆನೆಸಿಕೊಂಡಳು. ಇರುವುದನ್ನು ಉಳಿಸಬಹುದು. ಟ್ಯಾಬನ್ನು ಹಾಗೆಯೇ ಎತ್ತಿಕೊಂಡು ಒಳಗೆ ಹೋಗಿ, ಅವನು ಏಳುವವರೆಗೆ ಮಂಚದ ಪಕ್ಕ ಕುಳಿತಳು.

ಎದ್ದವನು ಪರದೆ ನೋಡಿದ. "ಯಾರ್ ದಾಟಿಸಿದ್ದ್?"

"ಒರ್ಸಿಕನ ಕೈ ತಾಗಿತ್."

"ಎಷ್ಟ್ ಸಲ ತಾಗಿತ್?"

ತಂಗಮ್ಮ ಟ್ಯಾಬನ್ನು ಅವನ ಮಗ್ಗುಲಲ್ಲಿ ಇಟ್ಟಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ, ಗುಂಪಿನವರಿಗೆ ಹೇಳುವ ದನಿಯಲ್ಲೇ, "ಸೆಟ್ಟಿಂಗ್ಸಿಗೆ ಹೋಗ್. ಬೆರಳು ತಾಗಿದ ಜಾಗ ತೋರ್ಸುದು ಉಟ್ಟಲ್ಲ, ಅದ್ ಆನ್ ಮಾಡ್" ಎಂದ.

ಅದನ್ನು ಹಚ್ಚಿದರೆ ಬೆರಳು ಗಾಜಿಗೆ ತಾಗಿದಲ್ಲೆಲ್ಲ ಒಂದು ಬಿಳಿ ಚುಕ್ಕೆ ಮೂಡುತ್ತದೆ. ಬೇರೆಯವರ ಟ್ಯಾಬ್ ಕೆಟ್ಟಾಗ ಅವನು ಮೊದಲು ಮಾಡಿಸುವ ಪರೀಕ್ಷೆ ಅದು. ತಂಗಮ್ಮ ಅವನ ಕೈಯನ್ನು ಎತ್ತಿ ಬಟನ್ನಿನ ಮೇಲೆ ಇಟ್ಟಳು. ಮಿಲನ್ ಒತ್ತಿದ. ಚುಕ್ಕೆ ಬಂತು. ಎರಡನೆಯ ಸಲ ಒತ್ತಿದ. ಅವನ ಭುಜ ಬಿಗಿಯಿತು, ಕತ್ತಿನ ನರ ಉಬ್ಬಿತು. ಮೊದಲಿನ ಚುಕ್ಕೆಯೇ ಗಾಜಿನ ಮೇಲೆ ಒಂದಿಷ್ಟು ದೂರ ತೆವಳಿತು. ಬೆರಳು ಮೇಲೆ ಎದ್ದಿರಲೇ ಇಲ್ಲ.

"ಸಾಕ್ ಕುಞ್ಞಿ."

"ಅಪ್ಪನ ಕರೆ" ಎಂದ ಮಿಲನ್.

ಪೂವಯ್ಯ ಹೊಗೆ ವಾಸನೆಯ ಅಂಗಿಯಲ್ಲೇ ಬಂದು ಬಾಗಿಲಲ್ಲಿ ನಿಂತು ಎಲ್ಲ ಕೇಳಿದ. ಹೊರಗೆ ಹೋಗಿ ಬೆಳಿಗ್ಗೆ ಬೇಗ ಬರುವಂತೆ ವ್ಯಾನಿನ ಧರ್ಮೇಂದ್ರನಿಗೆ ಫೋನು ಮಾಡಿದ.

ಮೈಸೂರಿನಲ್ಲಿ ಅದೇ ಡಾಕ್ಟರು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದುಕೊಂಡೇ ಕೇಳಿದರು. "ಯಾವಾಗಿಂದ ಹೀಗೆ?"

"ನಿನ್ನೆ ಗೊತ್ತಾಯ್ತು ಸಾರ್" ಎಂದ ಪೂವಯ್ಯ.

"ಇಲ್ಲ ಸಾರ್" ಎಂದ ಮಿಲನ್. "ಮಳೆ ತೆಗೆದಾಗ ಅನುಮಾನ ಇತ್ತು. ಕುದುರೆ ತೆಗೆಯೋವಾಗ ಗೊತ್ತಿತ್ತು."

ಡಾಕ್ಟರು ಮಿಲನ್‌ನನ್ನು ನೋಡಿದರು, ಪೂವಯ್ಯನನ್ನು ನೋಡಿದರು. ಅವರಿಗೆ ಅರ್ಥವಾಗುವಂತೆ ಹೇಳಬೇಕಾದವಳು ತಂಗಮ್ಮ. "ಕಾವೇರಿ ಸಂಕ್ರಮಣ ಕಳೆದ ಮೇಲಿಂದ ಸಾರ್" ಎಂದಳು.

ಅವರು ಬೈಯಲಿಲ್ಲ. ಆಗಲೇ ಬಂದಿದ್ದರೆ ಎಂದು ಶುರುಮಾಡಿದ ಮಾತನ್ನು ಅಲ್ಲಿಗೇ ಬಿಟ್ಟು, ಗುಳ್ಳೆಯ ನೀರನ್ನು ಹೊರಗೆ ಹರಿಸುವ ಆಪರೇಷನ್‌ಗೆ ದಿನ ಗೊತ್ತು ಮಾಡಿದರು. ಆಪರೇಷನ್ ಆಯಿತು. ಗುಳ್ಳೆ ಮೇಲೇರುವುದು ನಿಂತಿತು. ಭುಜಗಳು, ಮೊಣಕೈಗಳು, ಉಸಿರು ಉಳಿದವು. ಹೆಬ್ಬೆರಳು ತಿರುಗಿ ಬರಲಿಲ್ಲ.

ಹುತ್ತರಿ ಹಬ್ಬದ ಹೊತ್ತಿಗೆ ಅವರು ಮನೆಯಲ್ಲಿದ್ದರು. ಮಿಲನ್ ಮೊದಲು ಮಾಡಿಸಿದ ಕೆಲಸ, ತೆಗೆದದ್ದನ್ನೆಲ್ಲ ವಾಪಸು ಹಾಕಿಸಿದ್ದು. ಯಾವುದರ ಮೇಲೆ ಯಾವುದು ಬರಬೇಕು ಎಂದು ಅವನು ಹೇಳುತ್ತ ಹೋದ, ತಂಗಮ್ಮ ಜೋಡಿಸುತ್ತ ಹೋದಳು. ಮಂಜು ಬಂತು, ಹಕ್ಕಿ ಬಂದವು, ಕುದುರೆ ಬಂತು. ಎಲ್ಲಕ್ಕಿಂತ ಕೊನೆಗೆ ಮಳೆ. ಮೋನಿಷಾ ಫೋನಿನಲ್ಲೇ ಇದ್ದಳು. ಒಂದೊಂದೇ ಯಾಕೆ ಎಂದು ಅವಳು ಮತ್ತೆ ಕೇಳಲಿಲ್ಲ.

ಈಗ ಸಂಜೆ ಕೆಲಸ ಮುಗಿಸಿ ಬಂದ ತಂಗಮ್ಮ ಮಂಚದ ಮೇಲೆ ಟ್ಯಾಬ್ ಇಟ್ಟುಕೊಂಡು ಕೂರುತ್ತಾಳೆ. ಅವನು ದಾರಿ ಹೇಳುತ್ತಾನೆ, ಆಕೆ ಒತ್ತುತ್ತಾಳೆ. ಎಡಕ್ಕೆ ಅಂದರೆ ಬಲಕ್ಕೆ ಹೋಗುತ್ತಾಳೆ. ಸೈನಿಕರನ್ನು ಕಂಡರೆ ಅವನ ಅಪ್ಪಣೆಗೂ ಕಾಯದೆ ಓಡುತ್ತಾಳೆ. "ಎಂತ ಹೇಡಿ ಅವ್ವಾ ನೀನ್" ಎಂದು ಅವನು ನಗುವುದೂ ಉಂಟು. ಹಳ್ಳವೋ ಗೋಡೆಯೋ ಅಡ್ಡ ಬಂದರೆ, "ಬೇಗ, ಎರಡ್ ಸಲ" ಎನ್ನುತ್ತಾನೆ. ಆಕೆ ಒತ್ತಿದಾಗಲೆಲ್ಲ ಅವನ ಬಲ ಭುಜ ಒಂದಿಷ್ಟು ಮೇಲೇಳುತ್ತದೆ. ಹೆಬ್ಬೆರಳು ಮಡಿಸಿದ ಟವೆಲಿನ ಮೇಲೆ ಇಟ್ಟ ಹಾಗೆಯೇ ಇರುತ್ತದೆ.